ಸೋಪಿನ ಡಬ್ಬ ಕಲೆಯಾಗುವುದು ಹೇಗೆ? ಅದನ್ನೂ ಓದಬಹುದು!

‘ಸಾರ್, ಮಗಳು ಎಂ.ಎ.ಗೆ ಆರ್ಟ್ ಥಿಯರಿ ತಗೋತೀನಿ ಅಂತಾಳೆ. ಚಿತ್ರ ಬರೆಯೋದೂ ಅಲ್ವಂತೆ. ಅದನ್ನ ಓದಿ ಏನ್ ಮಾಡ್ತಾರೆ?’

ನ್ಯೂಜೆರ್ಸಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನಗೆ, ತೆರಿಗೆ ರಿಟರ್ನ್ ಸಲ್ಲಿಸುವ ಕಾಲದಲ್ಲಿ ಇಂಥ ಪ್ರಶ್ನೆಗಳೂ ಎದುರಾಗುತ್ತವೆ. ಇಲ್ಲಿನ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳ ಓದು ಎಂದರೆ ಕಂಪ್ಯೂಟರ್ ಇಲ್ಲವೇ ವೈದ್ಯಕೀಯ. ಆದರೆ ನ್ಯೂಯಾರ್ಕ್ ಪಕ್ಕದಲ್ಲೇ ಬೆಳೆದ ಮಕ್ಕಳು ಶಾಲೆಯಿಂದ ಮ್ಯೂಸಿಯಂಗೆ ಹೋಗಿ ಬಂದು, ಸಮಕಾಲೀನ ಕಲೆಯ ಸಿದ್ಧಾಂತ ಮತ್ತು ವಿಮರ್ಶೆ ಓದುತ್ತೇವೆ ಎನ್ನುವುದೂ ಉಂಟು. ಊರಿನಲ್ಲಿರುವ ಅಜ್ಜ–ಅಜ್ಜಿಗೆ ಫೋನಿನಲ್ಲಿ ಇದನ್ನು ವಿವರಿಸುವಷ್ಟರಲ್ಲಿ ಅಪ್ಪ–ಅಮ್ಮನಿಗೆ ಸಾಕಾಗಿರುತ್ತದೆ. ಬಿ.ಕಾಂ., ಸಿ.ಎ. ಓದಿದ ನನಗೂ ಇದು ದೂರದ ವಿಷಯವೇ. ಆದರೂ ವಿಚಾರಿಸುತ್ತಾ ಹೋದಾಗ, ಇದು ನಮ್ಮ ವೃತ್ತಿಗೆ ಅಷ್ಟೇನೂ ದೂರವಿಲ್ಲ ಅನ್ನಿಸಿತು.

ಹಕ್ಕಿಯೋ, ಅಡುಗೆ ಪಾತ್ರೆಯೋ?

1926ರಲ್ಲಿ ಶಿಲ್ಪಿ ಬ್ರಾಂಕುಸಿಯ ‘ಬರ್ಡ್ ಇನ್ ಸ್ಪೇಸ್’ ಎಂಬ ಕಂಚಿನ ಶಿಲ್ಪ ಪ್ಯಾರಿಸ್ಸಿನಿಂದ ಹಡಗಿನಲ್ಲಿ ನ್ಯೂಯಾರ್ಕ್‌ಗೆ ಬಂತು. ಕಲಾಕೃತಿಗೆ ಸುಂಕ ಇರಲಿಲ್ಲ. ಆದರೆ ರೆಕ್ಕೆಯೂ ಇಲ್ಲದ, ಕೊಕ್ಕೂ ಕಾಣದ ಈ ಉದ್ದನೆಯ ಲೋಹವನ್ನು ಹಕ್ಕಿ ಎಂದು ಒಪ್ಪುವುದು ಹೇಗೆ? ಕಸ್ಟಮ್ಸ್ ಅಧಿಕಾರಿಗಳು ಅದನ್ನು ಅಡುಗೆ ಪಾತ್ರೆ, ಆಸ್ಪತ್ರೆ ಸಾಮಗ್ರಿಗಳ ಪಟ್ಟಿಗೆ ಸೇರಿಸಿ ಶೇ 40ರಷ್ಟು ಸುಂಕ ಹಾಕಿದರು. ಪ್ರಕರಣ ಕೋರ್ಟಿಗೆ ಹೋಯಿತು. ಶಿಲ್ಪಿಗಳು, ವಿಮರ್ಶಕರು ಸಾಕ್ಷಿ ಹೇಳಿದರು. 1928ರಲ್ಲಿ ನ್ಯಾಯಾಲಯ ಇದು ಕಲೆಯೇ ಎಂದು ತೀರ್ಪು ಕೊಟ್ಟಿತು. ಒಂದು ವಸ್ತು ಯಾವ ಪಟ್ಟಿಗೆ ಸೇರಬೇಕು, ಅದನ್ನು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬ ಈ ಪ್ರಶ್ನೆ ಲೆಕ್ಕಿಗರಿಗೆ ದಿನನಿತ್ಯದ್ದು.

1964ರಲ್ಲಿ ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯಲ್ಲಿ ಆಂಡಿ ವಾರ್ಹಾಲ್, ಪಾತ್ರೆ ತಿಕ್ಕುವ ಬ್ರಿಲ್ಲೊ ಸೋಪ್ ಪ್ಯಾಡಿನ ಡಬ್ಬಗಳಂತೆಯೇ ಕಾಣುವ ಮರದ ಡಬ್ಬಗಳನ್ನು ಜೋಡಿಸಿಟ್ಟ. ಕೊಲಂಬಿಯಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಆರ್ಥರ್ ಡಾಂಟೊ ಅದನ್ನು ನೋಡಿ, ಅದೇ ವರ್ಷ ‘ದಿ ಆರ್ಟ್‌ವರ್ಲ್ಡ್’ ಎಂಬ ಪ್ರಬಂಧ ಪ್ರಕಟಿಸಿದರು. ಅಂಗಡಿಯ ಡಬ್ಬ ಸರಕು, ಗ್ಯಾಲರಿಯದು ಕಲೆ. ಕಣ್ಣಿಗೆ ಎರಡೂ ಒಂದೇ. ಹಾಗಿದ್ದರೆ ವ್ಯತ್ಯಾಸ ಕಣ್ಣಿಗೆ ಕಾಣದ ಕಡೆ, ಅಂದರೆ ಕಲೆಯ ಇತಿಹಾಸ ಮತ್ತು ಸಿದ್ಧಾಂತದ ತಿಳಿವಳಿಕೆಯಲ್ಲಿ ಇದೆ ಎಂಬುದು ಅವರ ವಾದ. ಇಂದಿಗೂ ಈ ವಿಷಯ ಓದುವವರು ಆ ಪ್ರಬಂಧವನ್ನು ದಾಟದೆ ಮುಂದೆ ಹೋಗುವುದು ಕಡಿಮೆ.

ಓದುವುದೆಲ್ಲಿ, ಏನನ್ನು?

ಕೊಲಂಬಿಯಾದಲ್ಲಿ ಆಧುನಿಕ ಮತ್ತು ಸಮಕಾಲೀನ ಕಲೆಯ ವಿಮರ್ಶೆ, ಪ್ರದರ್ಶನ ನಿರ್ವಹಣೆಗೆಂದೇ ಎಂ.ಎ. ಇದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಆಫ್ ಫೈನ್ ಆರ್ಟ್ಸ್, ಸಾರ್ವಜನಿಕ ವಲಯದ ಹಂಟರ್ ಕಾಲೇಜು ಮತ್ತು ನಮ್ಮ ರಟ್ಗರ್ಸ್‌ನಲ್ಲಿ ಕಲಾ ಇತಿಹಾಸದ ಭಾಗವಾಗಿ ಇದನ್ನು ಓದಬಹುದು. ರಟ್ಗರ್ಸ್‌ಗೆ ಈ ವಿಷಯದಲ್ಲಿ ದೊಡ್ಡ ಹಿನ್ನೆಲೆಯೇ ಇದೆ. ‘ಹ್ಯಾಪನಿಂಗ್’ ಎಂಬ ಪ್ರಕಾರಕ್ಕೆ ಹೆಸರು ಕೊಟ್ಟ ಅಲನ್ ಕ್ಯಾಪ್ರೊ 1950ರ ದಶಕದಲ್ಲಿ ಅಲ್ಲಿ ಪಾಠ ಮಾಡುತ್ತಿದ್ದರು. ಅವರ ಸ್ನೇಹಿತ, ಶಿಲ್ಪಿ ಜಾರ್ಜ್ ಸೀಗಲ್ ಅವರ ಕೋಳಿ ಫಾರ್ಮ್ ಇದ್ದದ್ದು, ಈಗ ನಮ್ಮವರು ನೂರಾರು ಮನೆ ಮಾಡಿರುವ ಸೌತ್ ಬ್ರನ್ಸ್‌ವಿಕ್‌ನಲ್ಲಿ!

ತರಗತಿಯಲ್ಲಿ ಕುಂಚ ಹಿಡಿಯುವ ಕೆಲಸವಿಲ್ಲ. ಓದುವುದು, ಒಂದೇ ಕೃತಿಯ ಮುಂದೆ ಬಹಳ ಹೊತ್ತು ನಿಂತು ನೋಡುವುದು, ವಾದಿಸುವುದು, ಬರೆಯುವುದು. ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆಯನ್ನು ಓದಲು ಬರಬೇಕೆಂದು ಹಲವು ವಿಭಾಗಗಳು ಕೇಳುತ್ತವೆ.

ಇದೆಲ್ಲ ಪಶ್ಚಿಮದ್ದು, ನಮಗೇಕೆ ಎಂದು ಹಿರಿಯರು ಕೇಳಬಹುದು. ರಸ, ಧ್ವನಿ, ಔಚಿತ್ಯ ಎಂದು ಶತಮಾನಗಳ ಕಾಲ ವಾದ ಮಾಡಿದವರು ನಾವು. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಮೈಸೂರಿನ ಎಂ. ಹಿರಿಯಣ್ಣ ಅವರ ‘ಆರ್ಟ್ ಎಕ್ಸ್‌ಪೀರಿಯನ್ಸ್’ 1954ರಲ್ಲೇ ಬಂದಿದೆ.

ಇನ್ನೊಂದು ಉದಾಹರಣೆ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರದು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನಲ್ಲಿ ಓದಿದವರು. ಅವರ ‘ಬಿಹೋಲ್ಡ್’ ಎಂಬ ಕೃತಿ ತಲೆಗೂದಲಿನಿಂದ ಹೆಣೆದ ಹಗ್ಗ ಮತ್ತು ಕಾರಿನ ಬಂಪರ್‌ಗಳಿಂದ ಮಾಡಿದ್ದು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡ ಅದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ದೃಷ್ಟಿ ತಾಗದಿರಲೆಂದು ಗಾಡಿಯ ಬಂಪರಿಗೆ ಕೂದಲ ಹಗ್ಗ ಕಟ್ಟುವುದು ನಮ್ಮ ಕಡೆಯವರಿಗೆ ಗೊತ್ತು. ಇಲ್ಲಿನ ವಿದ್ಯಾರ್ಥಿ ಪುಸ್ತಕ ಹುಡುಕಿ ತಿಳಿಯಬೇಕಾದದ್ದನ್ನು ಕನ್ನಡದ ಮನೆಯ ಹುಡುಗಿ ಅಜ್ಜಿಯನ್ನು ಕೇಳಿ ತಿಳಿಯಬಹುದು. ಈ ಕ್ಷೇತ್ರದಲ್ಲಿ ಅದು ಸಣ್ಣ ಬಂಡವಾಳವಲ್ಲ.

ಲೆಕ್ಕದ ಮಾತು

ಇನ್ನು ದುಡ್ಡಿನ ವಿಚಾರ. ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಎಂ.ಎ.ಯ ಬೋಧನಾ ಶುಲ್ಕವೇ ವರ್ಷಕ್ಕೆ 50 ಸಾವಿರ ಡಾಲರ್ ದಾಟಬಹುದು, ನೆರವು ಸಿಗುವುದು ಅಪರೂಪ. ಹಂಟರ್, ರಟ್ಗರ್ಸ್‌ನಂಥ ಸಾರ್ವಜನಿಕ ಸಂಸ್ಥೆಗಳಲ್ಲಿ ಆಯಾ ರಾಜ್ಯದ ನಿವಾಸಿಗಳಿಗೆ ಶುಲ್ಕ ಸಾಕಷ್ಟು ಕಡಿಮೆ. ಪಿಎಚ್‌.ಡಿ.ಗೆ ಪ್ರವೇಶ ಕಷ್ಟ. ಸಿಕ್ಕರೆ ಸಾಮಾನ್ಯವಾಗಿ ಶುಲ್ಕ ಮಾಫಿಯ ಜೊತೆಗೆ ಜೀವನಕ್ಕೂ ಭತ್ಯೆ ಇರುತ್ತದೆ.

ವೀಸಾದ ಲೆಕ್ಕ ಇದಕ್ಕಿಂತ ಮುಖ್ಯ. ಎಚ್‌–4 ವೀಸಾದಲ್ಲಿರುವ ಮಕ್ಕಳಿಗೆ 21 ತುಂಬಿದರೆ ಅದು ಮುಗಿಯಿತು. ಓದು ಮುಂದುವರಿಸಲು ಎಫ್‌–1ಗೆ ಬದಲಾಯಿಸಿಕೊಳ್ಳಬೇಕು. ಪದವಿಯ ನಂತರ ಕೆಲಸ ಮಾಡಲು ಎಫ್‌–1ನವರಿಗೆ ಈಗಿನ ನಿಯಮದಂತೆ 12 ತಿಂಗಳ ಒಪಿಟಿ ಸಿಗುತ್ತದೆ. ವಿಜ್ಞಾನ, ತಂತ್ರಜ್ಞಾನದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಕಲಾ ಇತಿಹಾಸದವರಿಗಿಲ್ಲ. ಊರಿನ ಮನೆ ಅಡವಿಟ್ಟು ಸಾಲ ತೆಗೆಯುವವರು ಇದನ್ನು ಮೊದಲೇ ತಿಳಿದಿರಬೇಕು. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ ಮಕ್ಕಳಿಗೆ ಈ ಚಿಂತೆ ಇಲ್ಲ.

ಕೆಲಸ? ಮ್ಯೂಸಿಯಂ, ಗ್ಯಾಲರಿ, ಹರಾಜು ಸಂಸ್ಥೆ, ಪ್ರಕಾಶನ, ಬೋಧನೆ, ವಿಮೆಗಾಗಿ ಕಲಾಕೃತಿಗಳ ಮೌಲ್ಯಮಾಪನ. ಇಲ್ಲಿ 5,000 ಡಾಲರ್‌ಗಿಂತ ಹೆಚ್ಚಿನ ಕಲಾಕೃತಿಯನ್ನು ದಾನ ಮಾಡಿ ತೆರಿಗೆ ವಿನಾಯಿತಿ ಕೇಳಿದರೆ ಅರ್ಹ ಮೌಲ್ಯಮಾಪಕರ ವರದಿ ಬೇಕು. ದೊಡ್ಡ ಮೊತ್ತದವನ್ನು ಪರಿಶೀಲಿಸಲು ತೆರಿಗೆ ಇಲಾಖೆಗೇ ಕಲಾ ತಜ್ಞರ ಸಲಹಾ ಸಮಿತಿಯಿದೆ. ಆದರೂ ಆರಂಭದ ಸಂಬಳ ಸಾಫ್ಟ್‌ವೇರ್‌ಗೆ ಸಮವಲ್ಲ, ಸ್ಪರ್ಧೆ ಹೆಚ್ಚು. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು.

ಹಾಗಾಗಿ ನಾನು ಹೇಳುವುದಿಷ್ಟೇ: ಸಾಲ ಮಾಡಿ ಖಾಸಗಿ ಎಂ.ಎ.ಗೆ ಸೇರಿಸುವ ಮೊದಲು, ಪದವಿಯಲ್ಲೇ ಇದನ್ನು ಇನ್ನೊಂದು ವಿಷಯದ ಜೊತೆಗೆ ಓದಲಿ. ರಟ್ಗರ್ಸ್‌ನ ಝಿಮ್ಮರ್ಲಿ ಮ್ಯೂಸಿಯಂಗೆ ಪ್ರವೇಶ ಉಚಿತ. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನ್ಯೂಜೆರ್ಸಿಯ ವಿದ್ಯಾರ್ಥಿಗಳು ಗುರುತಿನ ಚೀಟಿ ತೋರಿಸಿ ತಮಗೆ ತಿಳಿದಷ್ಟು ಕೊಟ್ಟರೆ ಸಾಕು. ಒಂದು ಶನಿವಾರ ಮಗಳ ಜೊತೆ ನೀವೂ ಹೋಗಿ. ಯಾವುದಾದರೂ ಒಂದು ಕೃತಿ ಏಕೆ ಮುಖ್ಯ ಎಂದು ಅವಳು ನಿಮಗೆ ಕನ್ನಡದಲ್ಲಿ ವಿವರಿಸಲಿ. ನಿಮಗೆ ಅರ್ಥವಾಗದ ಕಡೆ ತಡೆದು ಕೇಳಿ. ಪಿಎಚ್‌.ಡಿ. ಅರ್ಜಿಗಳ ಗಡುವು ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸು. ಅಲ್ಲಿಯವರೆಗೆ ಇಂಥ ಎಷ್ಟೋ ಶನಿವಾರಗಳಿವೆ.