ಸಿರಿ: ಇನ್ನೊಬ್ಬಳು ಉಟ್ಟ ಸೀರೆ ಒಲ್ಲೆನೆಂದವಳು

ಸಿರಿ ಪಾಡ್ದನ ತುಳುನಾಡಿನ ಬಹು ದೊಡ್ಡ ಮೌಖಿಕ ಕಾವ್ಯ. ಗಂಡನ ಮೋಸವನ್ನು ಸಹಿಸದೆ ಮದುವೆಯನ್ನೇ ಕಡಿದುಕೊಂಡು ಹೊರಟ ಹೆಣ್ಣಿನ ಕಥೆ ಇದು. ಬೆಳ್ತಂಗಡಿ ತಾಲೂಕಿನ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಇದನ್ನು ಹಾಡಿದರು. ಆ ಪಾಠದ ಉದ್ದ 15,683 ಸಾಲು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಅನೆಲಿ ಹಾಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಸೇರಿ ಇದನ್ನು ದಾಖಲಿಸಿದರು. 1998ರಲ್ಲಿ ತುಳು ಪಾಠ ಮತ್ತು ಇಂಗ್ಲಿಷ್ ಅನುವಾದ ಹೆಲ್ಸಿಂಕಿಯಲ್ಲಿ ಪ್ರಕಟವಾದವು.

ಸತ್ಯನಾಪುರದ ಬಿರ್ಮು ಆಳ್ವ ಮಕ್ಕಳಿಲ್ಲದ ಮುದುಕ. ದೇವರ ಪ್ರಸಾದವಾಗಿ ದೊರೆತ ಗಂಧ ಮತ್ತು ಹಿಂಗಾರದಿಂದ ಹುಟ್ಟಿದ ಸಿರಿಯನ್ನು ಆತ ಸಾಕುತ್ತಾನೆ. ಅವಳು ಅವನನ್ನು ‘ಅಜ್ಜೇರು’ ಎನ್ನುತ್ತಾಳೆ. ಬಸ್ರೂರಿನ ಕಾಂತು ಪೂಂಜನೊಡನೆ ಮದುವೆಯಾಗುತ್ತದೆ. ಬಸುರಿ ಸಿರಿಯ ಬಯಕೆಗೆಂದು ಗಂಡ ಸೀರೆ ಕೊಳ್ಳುತ್ತಾನೆ. ಆದರೆ ದಾರಿಯಲ್ಲಿ ಸಿದ್ದು ಎಂಬ ಸೂಳೆಯ ಮನೆ ಹೊಕ್ಕು, ಅದನ್ನು ಅವಳಿಗೆ ಉಡಲು ಕೊಟ್ಟು, ಮತ್ತೆ ಮಡಚಿ ತರುತ್ತಾನೆ. ಸಿರಿಗೆ ಇದು ತಿಳಿದುಬಿಡುತ್ತದೆ. ನೆಂಟರಿಷ್ಟರೆಲ್ಲ ನೆರೆದಿದ್ದರೂ ಅವಳು ಆ ಸೀರೆಯನ್ನು ಉಡುವುದಿಲ್ಲ.

ಅಜ್ಜ ತೀರಿಕೊಂಡ ಮೇಲೆ ಆಸ್ತಿಯ ಪಂಚಾಯ್ತಿಕೆಯಲ್ಲೂ ಅವಳಿಗೆ ನ್ಯಾಯ ಸಿಗುವುದಿಲ್ಲ. ಸತ್ಯನಾಪುರದ ಅರಮನೆ ಉರಿದುಹೋಗಲೆಂದು ಶಪಿಸಿ, ಗಂಡನ ಸಂಬಂಧ ಕಡಿದು, ಎಳೆ ಮಗು ಕುಮಾರ ಮತ್ತು ಆಳು ಹೆಂಗಸು ದಾರುವಿನೊಡನೆ ಸಿರಿ ಹೊರಡುತ್ತಾಳೆ. ದಾರಿಯಲ್ಲಿ ಅವರಿಬ್ಬರೂ ಮಾಯವಾಗುತ್ತಾರೆ. ಅವಳು ಒಂಟಿಯಾಗುತ್ತಾಳೆ, ಕಥೆ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ.

ಮುಂದೆ ಕೊಡ್ಸರ ಆಳ್ವನನ್ನು ಸಿರಿ ಎರಡನೆಯ ಮದುವೆಯಾಗುತ್ತಾಳೆ. ಅಲ್ಲಿ ಮೊದಲ ಹೆಂಡತಿ ಸಾಮು ಇದ್ದಾಳೆ. ಮುನಿಸು ಕರಗಿ ಇಬ್ಬರೂ ಅಕ್ಕತಂಗಿಯರಂತಾಗುತ್ತಾರೆ. ಗಂಡಸರ ಲೋಕ ಕೊಡದ ನಿಜವಾದ ಅಕ್ಕರೆ ಸಿರಿಗೆ ಸವತಿಯಲ್ಲಿ ಸಿಕ್ಕಿತು ಎಂದರೂ ತಪ್ಪಾಗದು. ಪಾತಿವ್ರತ್ಯವನ್ನೇ ದೊಡ್ಡದೆನ್ನುವ ಪುರಾಣಗಳ ನಡುವೆ ಈ ಕಾವ್ಯ ಬೇರೆಯಾಗುವುದು ಇಲ್ಲೇ. ಗಂಡನನ್ನು ಬಿಟ್ಟದ್ದಕ್ಕೆ, ಮರುಮದುವೆಯಾದದ್ದಕ್ಕೆ ಅವಳಿಗೆ ಕಳಂಕ ಹಚ್ಚುವುದಿಲ್ಲ. ಅವಳನ್ನು ದೈವವೆಂದೇ ಕಾಣುತ್ತದೆ.

ಇದಕ್ಕೆ ನೆಲದ ಕಟ್ಟಳೆಯ ಬೆಂಬಲವೂ ಇತ್ತು. ಅಳಿಯಸಂತಾನ ಪದ್ಧತಿಯಲ್ಲಿ ಮನೆತನ ಮತ್ತು ಆಸ್ತಿ ತಾಯಿಯ ಕಡೆಯಿಂದ ಸಾಗುತ್ತಿದ್ದವು. ಬಿಡುಗಡೆ, ಮರುಮದುವೆ ಎರಡಕ್ಕೂ ಅವಕಾಶವಿತ್ತು. ಹಾಗೆಂದು ತುಳುನಾಡು ಹೆಣ್ಣಿನ ಸ್ವರ್ಗವಾಗಿತ್ತು ಎನ್ನಲಾಗದು. ಆಸ್ತಿ ಹೆಣ್ಣಿನ ಕಡೆಯದಾದರೂ ಯಜಮಾನಿಕೆ ಬಹುಮಟ್ಟಿಗೆ ಗಂಡಸರ ಕೈಯಲ್ಲೇ ಇತ್ತು. ಸಿರಿ ಸೋತ ಪಂಚಾಯ್ತಿಕೆಯೇ ಅದಕ್ಕೆ ಸಾಕ್ಷಿ.

ಸಿರಿಯ ಸಂತತಿಯೂ ನೆಮ್ಮದಿ ಕಾಣಲಿಲ್ಲ. ಮಗಳು ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ ಮತ್ತು ದಾರಗ ಚೆನ್ನೆಮಣೆ ಆಡುತ್ತಾ ಜಗಳವಾಡಿ ಮಾಯವಾದರು.

ಕಥೆ ಇಂದಿಗೂ ಆಚರಣೆಯಲ್ಲಿ ಬದುಕಿದೆ. ಕವತ್ತಾರು, ನಂದಳಿಕೆ, ಹಿರಿಯಡ್ಕ ಮೊದಲಾದೆಡೆ ಸಿರಿ ಜಾತ್ರೆ ನಡೆಯುತ್ತದೆ. ಹೆಂಗಸರು ಹಿಂಗಾರ ಹಿಡಿದು, ಮೈದುಂಬಿ, ಪಾಡ್ದನದ ಧಾಟಿಯಲ್ಲೇ ಮಾತನಾಡುತ್ತಾರೆ. ಸಿರಿಯ ಮಗ ಕುಮಾರನಾಗಿ ಮೈದುಂಬಿದ ಪಾತ್ರಿ ಪ್ರಶ್ನಿಸುತ್ತಾ ಹೋದಂತೆ ಮನೆಯಲ್ಲಿ ನುಂಗಿಕೊಂಡಿದ್ದ ಸಂಕಟ ಹೊರಬರುತ್ತದೆ. ಮನೆಯವರು ನಿಂತು ಕೇಳಿಸಿಕೊಳ್ಳಲೇಬೇಕು. ಇದನ್ನು ಬರಿಯ ಮನೋರೋಗವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಗೋಪಾಲ ನಾಯ್ಕರು ಕಾವ್ಯದ ಹಾಡುಗಾರರಷ್ಟೇ ಅಲ್ಲ, ಇಂಥ ಸಿರಿಗಳ ತಂಡವೊಂದನ್ನು ಮುನ್ನಡೆಸಿದ ಕುಮಾರನೂ ಆಗಿದ್ದರು.