ದೂರದ ಹೆರಾಲ್ಡ್, ದುರ್ಗದ ಕೈಕೆಲಸ

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ ಎತ್ತುವುದನ್ನು ನೋಡಿಲ್ಲದವರಿಗೆ ಆ ಕಾರಿನ ಚೆಲುವು ಅರ್ಧವಷ್ಟೇ ಗೊತ್ತು. ಬೇರೆ ಕಾರುಗಳಲ್ಲಿ ಮೇಲಿನ ಮುಚ್ಚಳ ಮಾತ್ರ ಏಳುತ್ತದೆ. ಹೆರಾಲ್ಡಿನಲ್ಲಿ ಮಡ್‌ಗಾರ್ಡು, ಹೆಡ್‌ಲೈಟು, ಗ್ರಿಲ್ಲು ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಬಾಗಿ ನಿಲ್ಲುತ್ತದೆ. ಎಂಜಿನ್ನು, ಸ್ಟೇರಿಂಗು, ಮುಂದಿನ ಚಕ್ರಗಳ ಜೋಡಣೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಮೆಕ್ಯಾನಿಕ್ ಟೈರಿನ ಮೇಲೆ ಕುಳಿತುಕೊಂಡೇ ಕಾರ್ಬುರೇಟರ್ ಬಿಚ್ಚಬಹುದು.

ಬ್ರಿಟನ್ನಿನ ಟ್ರಯಂಫ್ 1959ರಲ್ಲಿ ಹೊರತಂದ ಈ ಕಾರಿಗೆ ರೂಪ ಕೊಟ್ಟವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಇದನ್ನು ನಮ್ಮಲ್ಲಿ ತಯಾರಿಸಿತು. 948 ಸಿ.ಸಿ. ಎಂಜಿನ್, ಎರಡು ಬಾಗಿಲು. ನಾಲ್ಕು ಬಾಗಿಲಿನದು ಆಮೇಲೆ ಬಂದದ್ದು, ಅದೂ ನಮ್ಮ ದೇಶದಲ್ಲಿ ಮಾತ್ರ. ಇದೇ ಚಾಸಿಯನ್ನು ಗಿಡ್ಡ ಮಾಡಿ ಟ್ರಯಂಫ್ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕಟ್ಟಿತು. ಅಂಬಾಸಿಡರ್, ಫಿಯೆಟ್‌ಗಳೇ ತುಂಬಿದ್ದ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಸ್ಪೋರ್ಟ್ಸ್ ಕಾರಿಗೆ ಹತ್ತಿರದ ನೆಂಟ ಅಂತ ಇದ್ದದ್ದು ಹೆರಾಲ್ಡ್. ಕನ್ನಡನಾಡಿನದೇ ಬೇಕೆಂದರೆ ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್ ಇದೆ. 1982ರಲ್ಲಿ ಬಂದ ಫೈಬರ್ ಮೈಯ ಹಗುರ ಕಾರು, ರ್‍ಯಾಲಿಗಳಲ್ಲಿ ಹೆಸರು ಮಾಡಿತು. 1983ರ ಕೊನೆಗೆ ಬಂದ ಮಾರುತಿ 800ರ ಎದುರು ಮಾತ್ರ ನಿಲ್ಲಲಿಲ್ಲ.

ಇಂಥ ಕಾರುಗಳ ಆಸೆ ಇರುವವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲೂ ಇರುತ್ತಾರೆ. ಕಾರು ಇರುವುದು ಮಾತ್ರ ಚೆನ್ನೈಯಲ್ಲಿ, ಕೊಯಮತ್ತೂರಿನಲ್ಲಿ, ಪುಣೆಯಲ್ಲಿ, ಮಂಗಳೂರಿನ ಯಾವುದೋ ಮನೆಯ ಹಿತ್ತಿಲಿನಲ್ಲಿ. ಹೋಗಿ ನೋಡದೆ ಕೊಳ್ಳುವುದೇ ಈಗ ಹೆಚ್ಚು. ಹೀಗೆ ಕೊಳ್ಳುವವರಿಗೆ ನಾನು ಹೇಳುವ ಮಾತು ಒಂದೇ: ಮೊದಲು ತಗಡು ನೋಡಿ, ಆಮೇಲೆ ಕಾಗದ, ಎಂಜಿನ್ ಕೊನೆಗೆ. ಎಂಜಿನ್ ಕೆಟ್ಟಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು, ಅದು ತಾಲ್ಲೂಕು ಕೇಂದ್ರದಲ್ಲೂ ಆಗುವ ಕೆಲಸ. ತುಕ್ಕು ತಿಂದ ಚಾಸಿ ಮತ್ತು ಕಳೆದುಹೋದ ಆರ್.ಸಿ. ಇವೆರಡನ್ನು ಸರಿಮಾಡಲು ಹೊರಟರೆ ಖರ್ಚಿಗೂ ಅಲೆದಾಟಕ್ಕೂ ಮಿತಿಯೇ ಇರುವುದಿಲ್ಲ.

ತಗಡಿನ ವಿಷಯದಲ್ಲಿ ಊರಿನ ಹವೆ ಬಹಳ ಹೇಳುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ. ಮೀರಿ ಮಳೆ, ಜೊತೆಗೆ ಉಪ್ಪುಗಾಳಿ. ನಮ್ಮ ದುರ್ಗದ ಸೀಮೆಯಲ್ಲಿ 600ರ ಆಸುಪಾಸು, ಹಿರಿಯೂರು ಕಡೆ ಇನ್ನೂ ಕಡಿಮೆ. ಕರಾವಳಿಯ ಕಾರಿನಲ್ಲಿ ಸೀಟು, ಡ್ಯಾಶ್‌ಬೋರ್ಡು ಚೆನ್ನಾಗಿದ್ದು ನೆಲದ ತಗಡು ಜಾಲರಿಯಾಗಿರಬಹುದು. ಬಯಲುಸೀಮೆಯ ಕಾರಿನಲ್ಲಿ ರಬ್ಬರ್ ಬೀಡಿಂಗ್ ಒಣಗಿ ಉದುರಿದ್ದರೂ ಕಬ್ಬಿಣ ಗಟ್ಟಿಯಿರುತ್ತದೆ. ಇವೆರಡರಲ್ಲಿ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಕೊಂಡು ತಂದ ಕಾರನ್ನು ವರ್ಷಗಟ್ಟಲೆ ಬಿಚ್ಚಿಟ್ಟು ನಿಧಾನವಾಗಿ ಕೆಲಸ ಮಾಡಲೂ ನಮ್ಮ ಒಣ ಹವೆ ಹೇಳಿ ಮಾಡಿಸಿದಂತಿದೆ.

ಮಾರುವವರಿಗೆ ವಿಡಿಯೊ ಕಾಲ್ ಮಾಡಿದಾಗ ಬಣ್ಣದ ಹೊಳಪು ನೋಡುತ್ತಾ ಕೂರಬಾರದು. ಒಂದು ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳ ಅಂಚಿಗೆ, ಚಕ್ರದ ಕಮಾನಿನ ಸುತ್ತ, ಡಿಕ್ಕಿಯ ಮೂಲೆಗಳಿಗೆ ಮುಟ್ಟಿಸಿ ತೋರಿಸಲು ಹೇಳಬೇಕು. ಅದು ಕಚ್ಚದೆ ಜಾರಿದರೆ ಅಲ್ಲಿ ಬಣ್ಣದಡಿ ಇರುವುದು ಪುಟ್ಟಿ. ಹೆರಾಲ್ಡ್ ಆದರೆ ಅಡಿಯಲ್ಲಿ ಚಾಸಿಯಿಂದ ಬದಿಗೆ ಚಾಚಿರುವ ಔಟ್‌ರಿಗರ್‌ಗಳನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿಸಿ ಸದ್ದು ಕೇಳಬೇಕು. ಎಂಜಿನ್ ಚಾಲೂ ಮಾಡುವ ಮೊದಲು ರೇಡಿಯೇಟರ್ ಮೇಲೆ ಕೈಯಿಟ್ಟು ತೋರಿಸಲಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ತಣ್ಣಗಿರುವಾಗ ಚಾಲೂ ಮಾಡಿ, ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದೇ ಲೆಕ್ಕ.

ಕಾಗದದ ಪರೀಕ್ಷೆಗೆ ನಮ್ಮ ಆರ್‌ಟಿಒ ಕಚೇರಿಗಳ ಹಳೆಯ ಪದ್ಧತಿಯೇ ಸಾಕು. ಚಾಸಿ ನಂಬರಿನ ಮೇಲೆ ತೆಳುವಾದ ಬಿಳಿ ಕಾಗದ ಒತ್ತಿಹಿಡಿದು ಪೆನ್ಸಿಲನ್ನು ಅಡ್ಡ ಮಾಡಿ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಆ ಪೆನ್ಸಿಲ್ ಪ್ರಿಂಟನ್ನು ಕೊರಿಯರಿನಲ್ಲಿ ತರಿಸಿಕೊಂಡು ಆರ್.ಸಿ. ಪುಸ್ತಕದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿದ ಮೇಲೆಯೇ ದುಡ್ಡಿನ ಮಾತು. ಫೋಟೊದಲ್ಲಿ ಕಾಣದ ತಿದ್ದುವಿಕೆ ಈ ಪ್ರಿಂಟಿನಲ್ಲಿ ಕಂಡುಬಿಡುತ್ತದೆ. ಕೈಬರಹದ ಹಳೆಯ ಆರ್.ಸಿ.ಗಳು ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದಿಲ್ಲ. ಹಾಗಿದ್ದರೆ ಮೂಲ ಆರ್‌ಟಿಒದಲ್ಲೇ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ, ಫಾರಂ 28ರ ಎನ್‌ಒಸಿ, ಸಹಿ ಹಾಕಿದ ಫಾರಂ 29 ಮತ್ತು 30 ಕೈಗೆ ಬಂದ ಬಳಿಕವೇ ಕಾರನ್ನು ಲಾರಿ ಹತ್ತಿಸಬೇಕು. ಕಾರು ದುರ್ಗಕ್ಕೆ ಬಂದುಬಿಟ್ಟ ಮೇಲೆ ಆ ಒಂದು ಕಾಗದಕ್ಕಾಗಿ ಹೊರರಾಜ್ಯದ ಕಚೇರಿಗೆ ಅಲೆಯುವುದು ದೊಡ್ಡ ಕಷ್ಟ. ಬೇರೆ ರಾಜ್ಯದ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ತೆರಿಗೆ ಕಟ್ಟಿ ಕೆಎ-16 ನಂಬರ್ ಪಡೆಯಲೇಬೇಕು.

ತರಿಸುವುದಕ್ಕೆ ನಮ್ಮ ಊರುಗಳಷ್ಟು ಅನುಕೂಲ ಬೇರೆಡೆ ಇಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಚಿತ್ರದುರ್ಗ, ಹಿರಿಯೂರುಗಳ ಮೂಲಕವೇ ಹಾಯುತ್ತದೆ. ಹೊಸಪೇಟೆ ಕಡೆಯ ರಸ್ತೆ ದುರ್ಗದಲ್ಲಿ, ಬಳ್ಳಾರಿ ಕಡೆಯದು ಹಿರಿಯೂರಿನಲ್ಲಿ ಬಂದು ಸೇರುತ್ತವೆ. ರಿಟರ್ನ್ ಲೋಡ್ ಹುಡುಕುವ ಲಾರಿ ಸಿಕ್ಕರೆ ಬಾಡಿಗೆಯೂ ಇಳಿಯುತ್ತದೆ. ಕಾರನ್ನು ಬಿಗಿಯುವಾಗ ಬೆಲ್ಟನ್ನು ಬಂಪರಿಗೆ ಹಾಕಬಾರದು, ಚಾಸಿಗೋ ಆಕ್ಸಲಿಗೋ ಹಾಕಬೇಕು. ಬ್ಯಾಟರಿ ವಯರ್ ಬಿಚ್ಚಿರಬೇಕು. ವೀಲ್‌ಕಪ್, ಬ್ಯಾಡ್ಜ್, ಕನ್ನಡಿಗಳಂಥ ಬಿಡಿ ವಸ್ತುಗಳನ್ನು ಎಣಿಸಿ ಪಟ್ಟಿ ಬರೆದು ಬೇರೆಯೇ ಪೆಟ್ಟಿಗೆಯಲ್ಲಿ ತರಿಸಬೇಕು. ದಾರಿಯಲ್ಲಿ ಕಳೆದುಹೋಗುವುದು ಇವೇ, ಮತ್ತೆ ಸಿಗದಿರುವುದೂ ಇವೇ.

ಇನ್ನು ಕೈಗಳ ವಿಷಯ. ಹೆದ್ದಾರಿ ಬದಿಯ ಊರುಗಳಲ್ಲಿ ಲಾರಿ, ಟ್ರ್ಯಾಕ್ಟರ್ ಕೆಲಸದಲ್ಲಿ ಪಳಗಿದ ಟಿಂಕರ್, ಲೇತ್‌ನವರು, ಕುಶನ್ ಕೆಲಸದವರು ಈಗಲೂ ಇದ್ದಾರೆ. ಇವತ್ತಿನ ಶೋರೂಮುಗಳಲ್ಲಿ ನಜ್ಜಾದ ಡೋರನ್ನು ತೆಗೆದು ಹೊಸದು ಹಾಕುತ್ತಾರೆ. ಹೆರಾಲ್ಡಿಗೆ ಹೊಸ ಡೋರ್ ಎಲ್ಲಿಂದ ಬರಬೇಕು? ಟಿಂಕರ್ ತಗಡಿನ ಒಳಮೈಗೆ ಡಾಲಿಕಟ್ಟೆ ಕೊಟ್ಟು, ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟುತ್ತಾ ಬರುತ್ತಾನೆ. ಒಂದೇ ಏಟಿಗೆ ನೆಗ್ಗು ಎತ್ತುವುದಿಲ್ಲ, ಎತ್ತಿದರೆ ತಗಡು ಹಿಗ್ಗಿ ಡಬಡಬ ಎನ್ನತೊಡಗುತ್ತದೆ. ಅಂಚಿನಿಂದ ಸುತ್ತುತ್ತಾ ನಡುವಿಗೆ ಬಂದು, ಹಿಗ್ಗಿದ ಕಡೆ ಗ್ಯಾಸಿನಲ್ಲಿ ಕಾಸಿ ಒದ್ದೆ ಬಟ್ಟೆ ಒತ್ತಿ ಕುಗ್ಗಿಸುತ್ತಾನೆ. ಕಣ್ಣಿಗಿಂತ ಅಂಗೈಯನ್ನೇ ಹೆಚ್ಚು ನಂಬಿ, ಮೈ ಸವರಿ ಸವರಿ ಏರುತಗ್ಗು ಪತ್ತೆ ಹಚ್ಚುತ್ತಾನೆ. ಪುಟ್ಟಿ ಎಷ್ಟು ಕಡಿಮೆ ಬಳಸಿದ ಎಂಬುದೇ ಅವನ ಕಸುಬಿನ ಅಳತೆ. ಈ ಕೆಲಸವನ್ನು ಗುತ್ತಿಗೆಗೆ ಕೊಡದೆ ದಿನಗೂಲಿ ಲೆಕ್ಕದಲ್ಲಿ ಮಾಡಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಗುತ್ತಿಗೆಯ ಅವಸರ ಪುಟ್ಟಿಯಾಗಿ ಕೂರುತ್ತದೆ.

ಆದರೆ ಲಾರಿಯ ಅನುಭವವೊಂದೇ ಸಾಲದ ಜಾಗಗಳೂ ಇವೆ. ಹೆರಾಲ್ಡಿನ ಮುಂಚಕ್ರದ ಜೋಡಣೆಯಲ್ಲಿ ಕೆಳಗಡೆ ಟ್ರನಿಯನ್ ಎಂಬ ಕಂಚಿನ ತುಂಡಿದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಉಕ್ಕಿನ ಲಿಂಕ್ ಅದರೊಳಗಿನ ತಿರುಪಿನ ಮರೆಯಲ್ಲಿ ತಿರುಗುತ್ತದೆ. ಇದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಅಭ್ಯಾಸಬಲದಿಂದ ಗ್ರೀಸ್ ತುಂಬಿದರೆ ಮರೆಯ ತಳದವರೆಗೆ ಜಿಡ್ಡು ಇಳಿಯದೆ, ನೀರು ಸೇರಿ ಲಿಂಕ್ ತುಕ್ಕು ಹಿಡಿಯುತ್ತದೆ, ಒಂದು ದಿನ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಸ್ಪಿಟ್‌ಫೈರಿನಲ್ಲೂ ಇದೇ ಜೋಡಣೆ. ಆ ಕಾರಿನ ಅಭಿಮಾನಿಗಳ ಬಲದಿಂದ ಇದರ ಬಿಡಿಭಾಗಗಳು ಬ್ರಿಟನ್ನಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ, ತರಿಸಿಕೊಳ್ಳಬಹುದು. ಎಲೆಕ್ಟ್ರೀಷಿಯನ್‌ಗೂ ಮೊದಲೇ ಹೇಳಿರಬೇಕು: ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನೇ ಕಾರಿನ ಮೈಗೆ ಅರ್ತ್ ಕೊಟ್ಟಿರುವುದುಂಟು. ಇನ್ನು ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಕಾರ್ಬುರೇಟರಿನ ವಾಷರುಗಳು ಬೇಗ ಹಾಳಾಗುತ್ತವೆ. ಅವನ್ನೆಲ್ಲ ಎಥನಾಲ್ ತಡೆಯುವ ಜಾತಿಗೆ ಬದಲಿಸದೆ ರಸ್ತೆಗೆ ಇಳಿಸಬಾರದು, ಬೆಂಕಿಯ ಭಯವಿದೆ.

ಎಷ್ಟು ಹೊಸದು ಮಾಡಬೇಕು? ಪೂರ್ತಿ ಹೊಳಪು ಬರಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಳೆಯ ವಾಹನಗಳ ಜಾಗತಿಕ ಒಕ್ಕೂಟವಾದ ಫಿವಾ ಒಪ್ಪಿದ ಟ್ಯೂರಿನ್ ಸನ್ನದು ಇದ್ದುದನ್ನು ಉಳಿಸುವುದಕ್ಕೇ ಒತ್ತು ಕೊಡುತ್ತದೆ. ನನಗೂ ಅದೇ ಸರಿ ಎನ್ನಿಸುತ್ತದೆ. ಮಾಸಿದ ಮೂಲ ಸೀಟನ್ನು ಕಿತ್ತೆಸೆದು ಹೊಳೆಯುವ ರೆಕ್ಸಿನ್ ಹಾಕಿಸಿದರೆ, ಮದರಾಸಿನ ಫ್ಯಾಕ್ಟರಿಯಲ್ಲಿ ಅದನ್ನು ಹೊಲಿದ ಕೈಗುರುತು ಹೋಯಿತು. ಸರಿಯಾಗಿ ಕಾಪಿಟ್ಟ ಕಾರು ಹೇಗಿರುತ್ತದೆ ಎಂದು ಕಣ್ಣಾರೆ ನೋಡಲು ಧರ್ಮಸ್ಥಳದ ಕಾರು ಸಂಗ್ರಹವಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಆ ಸಂಗ್ರಹದ ‘ಪಯಣ’ ಮ್ಯೂಸಿಯಂ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯಲ್ಲೇ ಸಿಗುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲು ನಿಮ್ಮ ಟಿಂಕರನ್ನೂ ಜೊತೆಗೆ ಕರೆದೊಯ್ಯಿರಿ.

50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಮಾಡಿಸಲು ಅವಕಾಶವಿದೆ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ನವೀಕರಣಕ್ಕೆ 5,000. ಆದರೆ ಆ ನಂಬರಿನ ಕಾರನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲಿಗೆ ಬಿಟ್ಟರೆ ದಿನನಿತ್ಯದ ಓಡಾಟಕ್ಕೆ ತೆಗೆಯುವಂತಿಲ್ಲ. ಭಾನುವಾರ ಹೊಸದುರ್ಗದಿಂದ ಮಾರಿಕಣಿವೆ ತನಕ ಮನೆಮಂದಿಯನ್ನು ಕೂರಿಸಿಕೊಂಡು ಹೋಗಿಬರುವ ಆಸೆಯಿದ್ದವರು ಹಳೆಯ ನಂಬರನ್ನೇ ಎಫ್.ಸಿ., ವಿಮೆ ಸಮೇತ ಚಾಲ್ತಿಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.