ಹತ್ತು ಸೆಂಟಿನ ಲೆಕ್ಕ

ಬೆರಳ ಸಂದಿಗೊಂದು ಬಾಟ್ಲಿಯ ಕತ್ತು. ಐದು ಬೆರಳಿಗೆ ನಾಲ್ಕು ಸಂದಿ, ಒಂದು ಕೈಗೆ ನಾಲ್ಕು ಬಾಟ್ಲಿ, ಎರಡೂ ಕೈಗೆ ಎಂಟು. ಮೂರು ಸಲ ಎತ್ತಿಟ್ಟರೆ ಇಪ್ಪತ್ತನಾಲ್ಕು, ಅಲ್ಲಿಗೆ ಒಂದು ಪೆಟ್ಟಿಗೆ ಭರ್ತಿ. ಅಡಿಲೇಡ್ ನಗರದ ಹೊರವಲಯದ ಒಂದು ಡಿಪೊದಲ್ಲಿ ನನಗೆ ಮೊದಲ ದಿನ ಹೇಳಿಕೊಟ್ಟ ಪಾಠ ಇದು. ಓದಲೆಂದು ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ಹೋದ ಹೊಸತರಲ್ಲಿ ವಾರಕ್ಕೆ ಎರಡು ದಿನ ಅಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದೆ. ‘ಖಾಲಿ ಬಾಟ್ಲಿ ಎಣಿಸೋದಕ್ಕೂ ಟ್ರೈನಿಂಗ್ ಕೊಡ್ತಾರಾ?’ ಎಂದು ಅಮ್ಮ ಫೋನಿನಲ್ಲಿ ಕೇಳಿದ್ದರು. ಕೊಡುತ್ತಾರೆ. ಕೊಡಲೇಬೇಕು. ಯಾಕೆ ಎಂಬುದು ನನಗೂ ಅರ್ಥವಾಗಲು ಕೆಲವು ವಾರ ಹಿಡಿಯಿತು.

ಮೊದಲು ಈ ಡಿಪೊ ಏನೆಂದು ಹೇಳಿಬಿಡುತ್ತೇನೆ. ಅಲ್ಲಿ ಬಿಯರ್, ಸೋಡಾ, ನೀರು ಏನೇ ಕೊಂಡರೂ ಅದರ ಬಾಟ್ಲಿ ಅಥವಾ ಡಬ್ಬಿಯ ಮೇಲೆ ಹತ್ತು ಸೆಂಟು ವಾಪಸ್ ಸಿಗುತ್ತದೆಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಖಾಲಿಯಾದ ಮೇಲೆ ಡಿಪೊಗೆ ತಂದುಕೊಟ್ಟವರಿಗೆ ಆ ಹಣ. ಕುಡಿದವರೇ ತರಬೇಕೆಂದಿಲ್ಲ, ರಸ್ತೆ ಬದಿಯಲ್ಲಿ ಆಯ್ದು ತಂದವರಿಗೂ ಅಷ್ಟೇ. ಡಿಪೊ ಮೊದಲು ತನ್ನ ಗಲ್ಲಾಪೆಟ್ಟಿಗೆಯಿಂದ ದುಡ್ಡು ಎಣಿಸಿ ಕೊಡುತ್ತದೆ. ಆಮೇಲೆ ವಿಂಗಡಿಸಿದ ಮಾಲನ್ನು ‘ಸೂಪರ್ ಕಲೆಕ್ಟರ್’ ಎಂದು ಕರೆಯುವ ದೊಡ್ಡ ಸಂಗ್ರಾಹಕರಿಗೆ ಕಳಿಸಿ, ಕೊಟ್ಟ ಹತ್ತು ಸೆಂಟಿನ ಜೊತೆಗೆ ತನ್ನ ಕೆಲಸದ ಕೂಲಿಯನ್ನೂ ವಸೂಲು ಮಾಡಿಕೊಳ್ಳುತ್ತದೆ. ಸೂಪರ್ ಕಲೆಕ್ಟರಿಗೆ ಹಣ ಕಟ್ಟುವವರು ಪಾನೀಯ ತಯಾರಿಸುವ ಕಂಪನಿಗಳು.

ಇದಕ್ಕೆ ಕಾನೂನು ಆದದ್ದು 1975ರಲ್ಲಿ, ಜಾರಿಗೆ ಬಂದದ್ದು 1977ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಗಾಜಿನ ಬಾಟ್ಲಿಗಳು ತಿರುಗಿ ಕಾರ್ಖಾನೆಗೆ ಹೋಗಿ, ತೊಳೆಸಿಕೊಂಡು, ಮತ್ತೆ ತುಂಬಿಕೊಂಡು ಬರುತ್ತಿದ್ದವು. ನಮ್ಮಲ್ಲಿ ಗೋಲಿ ಸೋಡಾ ಕುಡಿದು ಬಾಟ್ಲಿಯನ್ನು ಅಂಗಡಿಯವನ ಕೈಗೇ ಕೊಟ್ಟು ಬರುತ್ತಿದ್ದೆವಲ್ಲ, ಹಾಗೆ. ಮನೆಮನೆಯಿಂದ ಬಾಟ್ಲಿ ಕೊಳ್ಳುವವನಿಗೆ ‘ಬಾಟಲ್-ಓ’ ಎಂದೇ ಹೆಸರಿತ್ತು. ಒಮ್ಮೆ ಬಳಸಿ ಎಸೆಯುವ ಡಬ್ಬಿ, ಬಾಟ್ಲಿಗಳು ಬಂದ ಮೇಲೆ ಅವು ಕಡಲತೀರದಲ್ಲಿ, ಹೆದ್ದಾರಿಯಲ್ಲಿ ಬಿದ್ದಿರತೊಡಗಿದವು. ಆಗ ಐದು ಸೆಂಟಿನ ಆಸೆ ತೋರಿಸಿ ಅವನ್ನು ವಾಪಸ್ ಕರೆಸಿಕೊಳ್ಳುವ ಉಪಾಯ ಮಾಡಿದರು. 2008ರಲ್ಲಿ ಐದು ಹತ್ತಾಯಿತು. ಉಳಿದ ಆಸ್ಟ್ರೇಲಿಯಾ ಬಹಳ ಕಾಲ ಸುಮ್ಮನೆ ನೋಡುತ್ತಿತ್ತು. 2012ರಲ್ಲಿ ಉತ್ತರ ಪ್ರಾಂತ್ಯ, 2017ರಲ್ಲಿ ನ್ಯೂ ಸೌತ್ ವೇಲ್ಸ್, ಮರುವರ್ಷ ಕ್ವೀನ್ಸ್‌ಲ್ಯಾಂಡ್, ಹೀಗೆ ಒಂದೊಂದಾಗಿ ಸೇರಿ, 2025ರಲ್ಲಿ ಟಾಸ್ಮೇನಿಯಾ ಕೈಜೋಡಿಸುವ ಹೊತ್ತಿಗೆ ನಲವತ್ತೆಂಟು ವರ್ಷ ಕಳೆದಿತ್ತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಾರಾಟವಾಗುವ ಇಂಥ ನಾಲ್ಕು ಬಾಟ್ಲಿಗಳಲ್ಲಿ ಸುಮಾರು ಮೂರು ಡಿಪೊಗಳಿಗೆ ತಿರುಗಿ ಬರುತ್ತವೆ. ಬೇರೆ ರಾಜ್ಯಗಳಲ್ಲಿ ಎಣಿಸುವ ಯಂತ್ರಗಳು ಬಹಳ ಇವೆ. ದಕ್ಷಿಣ ಆಸ್ಟ್ರೇಲಿಯಾದ ಹೆಚ್ಚಿನ ಡಿಪೊಗಳಲ್ಲಿ ಇವತ್ತಿಗೂ ಮನುಷ್ಯರ ಕೈಯೇ ಯಂತ್ರ.

ಆ ಕೈಯನ್ನು ಪಳಗಿಸುವುದೇ ತರಬೇತಿ.

ಮೊದಲ ವಾರ ನನ್ನನ್ನು ಗಿರಾಕಿಗಳ ಹತ್ತಿರ ಬಿಡಲಿಲ್ಲ. ಹಿಂದಿನ ಶೆಡ್ಡಿನಲ್ಲಿ ವಿಂಗಡಣೆಯ ಮೇಜಿಗೆ ನಿಲ್ಲಿಸಿದರು. ಮೇಲ್ವಿಚಾರಕಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಹೆಂಗಸು. ಆಕೆ ಪುಸ್ತಕ ತೆರೆದು ಪಾಠ ಹೇಳಿದವರಲ್ಲ, ಕೈಗೆ ಕೊಟ್ಟು ಕೇಳುತ್ತಿದ್ದರು. ಇದು ಏನು? ಅಲ್ಯೂಮಿನಿಯಂ. ಇದು? ಅದೂ ಹಾಗೇ ಕಂಡಿತು, ಆದರೆ ಮೇಜಿನ ಅಂಚಿಗೆ ಕಟ್ಟಿದ್ದ ಅಯಸ್ಕಾಂತ ಹಿಡಿದುಕೊಂಡಿತು, ಅದು ಉಕ್ಕು. ಬಣ್ಣವಿಲ್ಲದ ಗಾಜು ಒಂದು ತೊಟ್ಟಿಗೆ, ಹಸಿರು ಇನ್ನೊಂದಕ್ಕೆ, ಕಂದು ಮತ್ತೊಂದಕ್ಕೆ. ಬಿಯರ್ ಬಾಟ್ಲಿ ಕಂದು ಯಾಕೆಂದು ನನಗೆ ತಿಳಿದದ್ದು ಅಲ್ಲೇ: ಬೆಳಕು ತಾಗಿದರೆ ಬಿಯರಿನೊಳಗಿನ ಹಾಪ್ಸ್ ಎಂಬ ಹೂವಿನ ಸಾರ ಕೆಟ್ಟು ನಾತ ಹೊಡೆಯುತ್ತದೆ, ಕಂದು ಗಾಜು ಆ ಬೆಳಕನ್ನು ತಡೆಯುತ್ತದೆ. ಕಂದು ಗಾಜನ್ನು ಕರಗಿಸಿ ಬಿಳಿ ಬಾಟ್ಲಿ ಮಾಡಲು ಬರುವುದಿಲ್ಲ, ಅದಕ್ಕೇ ಬಣ್ಣ ಬೇರೆ ಮಾಡಬೇಕು. ಪ್ಲಾಸ್ಟಿಕ್ಕಿನಲ್ಲಿ ನೀರಿನ ಬಾಟ್ಲಿಯದು ಒಂದು ಜಾತಿ, ಹಾಲಿನ ಬಾಟ್ಲಿಯ ಹಾಗೆ ಮಂಜುಮಂಜಾಗಿರುವುದು ಇನ್ನೊಂದು. ಹಿಸುಕಿದರೆ ಚಟಪಟ ಸದ್ದಾಗುವುದು ಯಾವುದು, ಸದ್ದಿಲ್ಲದೆ ಮಣಿಯುವುದು ಯಾವುದು ಎಂದು ಕಿವಿಗೂ ಪಾಠವಿತ್ತು. ರಟ್ಟಿನ ಜ್ಯೂಸ್ ಡಬ್ಬಿಗೆ ಬೇರೆಯದೇ ತೊಟ್ಟಿ. ಸಾಲದ್ದಕ್ಕೆ, ಯಾವ ಕಂಪನಿಯ ಮಾಲು ಯಾವ ಸೂಪರ್ ಕಲೆಕ್ಟರಿಗೆ ಹೋಗಬೇಕು ಎಂಬುದೂ ಗೊತ್ತಿರಬೇಕು.

ಒಂದು ದಿನ ಆಕೆ ಗಾಜಿನ ತೊಟ್ಟಿಗೆ ಕೈಹಾಕಿ ಒಡೆದ ಕಾಫಿ ಕಪ್ಪಿನ ಚೂರೊಂದನ್ನು ಆರಿಸಿ ನನ್ನ ಅಂಗೈ ಮೇಲಿಟ್ಟರು. ಹುಣಸೆ ಬೀಜದಷ್ಟು ಪಿಂಗಾಣಿ. ಗಾಜು ಕರಗುವ ಕುಲುಮೆಯಲ್ಲಿ ಪಿಂಗಾಣಿ ಕರಗುವುದಿಲ್ಲ. ಹೊಸ ಬಾಟ್ಲಿಯ ಗೋಡೆಯೊಳಗೆ ಕಲ್ಲಿನಂತೆ ಉಳಿದು, ಆ ಬಾಟ್ಲಿ ಅಲ್ಲಿಂದಲೇ ಬಿರುಕು ಬಿಡುತ್ತದೆ. ಆ ಚೂರನ್ನು ಬಹಳ ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಆಮೇಲೆ ಯಾವುದಕ್ಕೆ ಹಣವುಂಟು, ಯಾವುದಕ್ಕಿಲ್ಲ ಎಂಬ ಪಾಠ. ಕಾಫಿ ಬೆರೆಸಿದ ತಣ್ಣನೆಯ ಹಾಲು ಅಲ್ಲಿಯ ಜನರ ಅಚ್ಚುಮೆಚ್ಚು. ಒಂದು ಲೀಟರಿಗಿಂತ ಚಿಕ್ಕದಾದರೆ ಅದರ ಡಬ್ಬಿಗೆ ಹತ್ತು ಸೆಂಟುಂಟು. ಬರೀ ಹಾಲಿನದಕ್ಕೆ ಇಲ್ಲ. ನಾನಿದ್ದಾಗ ಗಾಜಿನ ವೈನ್ ಬಾಟ್ಲಿಗೂ ಇರಲಿಲ್ಲ, ಬರೋಸಾದಂಥ ದ್ರಾಕ್ಷಿ ಕಣಿವೆಯ ರಾಜ್ಯದಲ್ಲಿ! ಕಾನೂನು ಹುಟ್ಟಿದ್ದು ಬೀದಿಯ ಕಸ ತಡೆಯಲು; ಹಾಲು, ವೈನ್ ಜನ ಮನೆಯಲ್ಲಿ ಕುಡಿಯುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಚೀಲ ಹೊತ್ತು ತಂದವರಿಗೆ ಆ ಕಾರಣವೆಲ್ಲ ಯಾಕೆ ಬೇಕು? ಅರ್ಧ ಚೀಲ ಬರೀ ವೈನ್ ಬಾಟ್ಲಿಯೇ ಇದ್ದಾಗ ‘ಇದಕ್ಕೆ ದುಡ್ಡಿಲ್ಲ’ ಎನ್ನುವುದನ್ನು ಮುಖ ನೋಡಿ, ಮೆತ್ತಗೆ, ಆದರೆ ಖಂಡಿತವಾಗಿ ಹೇಳಬೇಕು. ಅದನ್ನೂ ಕಲಿಸಿದರು. ಮೊದಲು ಹಣ ಸಿಗುವುದನ್ನು ಎಣಿಸು, ಮೊತ್ತ ಹೇಳು, ಉಳಿದದ್ದನ್ನು ಆಮೇಲೆ ತೋರಿಸು. ಬಂದವರಿಗೆ ಮೊದಲು ಕೇಳಿಸುವ ಮಾತು ‘ಇಲ್ಲ’ ಆಗಿರಬಾರದು.

ಅಪಾಯದ ಪಾಠ ಬೇರೆ. ಡಬ್ಬಿಯ ಬಾಯಿಯೊಳಗೆ ಬೆರಳು ಹಾಕಬಾರದು, ಯಾವತ್ತೂ ಹಾಕಬಾರದು. ಒಳಗೆ ರೆಡ್‌ಬ್ಯಾಕ್ ಜೇಡ ಇರಬಹುದು, ಒಣಗಿದ ಕತ್ತಲ ಸಂದು ಅದಕ್ಕೆ ಇಷ್ಟ, ಕಡಿದರೆ ಆಸ್ಪತ್ರೆ. ಬಳಸಿದ ಇಂಜೆಕ್ಷನ್ ಸೂಜಿ ಇರಬಹುದು. ಸೂಜಿ ಕಂಡರೆ ಕೈಗವಸು ಇದ್ದರೂ ಮುಟ್ಟದೆ ಇಕ್ಕಳದಿಂದ ಎತ್ತಿ ಹಳದಿ ಡಬ್ಬಕ್ಕೆ ಹಾಕಬೇಕು. ಬೇಸಿಗೆಯಲ್ಲಿ ಸಿಹಿಯ ವಾಸನೆಗೆ ಕಣಜಗಳು ಮುತ್ತುತ್ತವೆ. ಗಾಜು ಸುರಿಯುವ ಕಡೆ ಕಿವಿಮುಚ್ಚುಗ ಕಡ್ಡಾಯ: ದಿನವಿಡೀ 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ನಿಂತರೆ ಕಿವಿ ಹೋಗುತ್ತದೆ, ಗಾಜಿನ ಸದ್ದು ಅದನ್ನು ಸುಲಭವಾಗಿ ಮೀರುತ್ತದೆ. ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವಾಗ ಎಲ್ಲಿ ನಿಲ್ಲಬೇಕು ಎಂದು ನೆಲದ ಮೇಲೆ ಬಣ್ಣದ ಗೆರೆ ಎಳೆದಿದ್ದರು.

ಎರಡನೆಯ ವಾರ ಮುಂದಿನ ಮೇಜಿಗೆ ಬಂದೆ. ಕಾರುಗಳು ನೇರ ಶೆಡ್ಡಿನೊಳಗೆ ಬರುತ್ತವೆ, ಡಿಕ್ಕಿ ತೆರೆದರೆ ಹಳಸಿದ ಬಿಯರಿನ ಹುಳಿ ವಾಸನೆ. ಪಿಂಚಣಿಯಲ್ಲಿ ಬದುಕುವ ಮುದುಕರು, ಫುಟ್‌ಬಾಲ್ ಕ್ಲಬ್ಬಿನ ಹುಡುಗರು, ಐಸ್‌ಕ್ರೀಮ್ ದುಡ್ಡಿಗೆ ಬಂದ ಮಕ್ಕಳು, ನನ್ನಂಥ ವಿದ್ಯಾರ್ಥಿಗಳು. ಸ್ಕೌಟ್ ಸಂಸ್ಥೆಯವರಂತೂ ಆ ರಾಜ್ಯದಲ್ಲಿ ತಾವೇ ಡಿಪೊಗಳನ್ನು ನಡೆಸುತ್ತಾರೆ. ಒಬ್ಬರೇ 3000ದಷ್ಟು ತಂದರೆ ಗುರುತಿನ ಚೀಟಿ ತೋರಿಸಿ, ಎಲ್ಲಿಯ ಮಾಲೆಂದು ಬರೆದು ಸಹಿ ಹಾಕಬೇಕು. ಅದಕ್ಕಿಂತ ಕಡಿಮೆ ತಂದವರನ್ನು ಎಲ್ಲಿಂದ ತಂದೆ ಎಂದು ಕೇಳಕೂಡದು. ಇದು ನಮ್ಮ ಡಿಪೊದ ಕಟ್ಟಪ್ಪಣೆಯಾಗಿತ್ತು.

ಒಂದು ಶನಿವಾರ ಸೈಕಲ್ಲಿನ ಎರಡೂ ಬದಿಗೆ ಚೀಲ ಕಟ್ಟಿಕೊಂಡು ಒಬ್ಬ ವೃದ್ಧರು ಬಂದರು. ಬೆಳಗಿನ ಜಾವ ಬೀದಿ ಸುತ್ತಿ ಆಯ್ದವು. ಎಣಿಸಿ ಮೊತ್ತ ಹೇಳಿದೆ. ಅವರು ತಲೆಯಾಡಿಸಿದರು, ಎಂಟು ಕಡಿಮೆಯಿದೆ ಎಂದರು. ಕಟ್ಟುವಾಗ ತಾವೇ ಎಣಿಸಿದ್ದಾಗಿ ಹೇಳಿದರು. ಹಿಂದೆ ಹತ್ತು ಕಾರು ಕಾಯುತ್ತಿದ್ದವು. ನಾನು ಬಾಟ್ಲಿಗಳನ್ನಾಗಲೇ ತೊಟ್ಟಿಗೆ ತಳ್ಳಲು ಹೊರಟಿದ್ದೆ. ಮೇಲ್ವಿಚಾರಕಿ ನನ್ನ ಮೊಣಕೈ ಹಿಡಿದು ನಿಲ್ಲಿಸಿ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದೇ ಮುಟ್ಟಿ ಗಟ್ಟಿಯಾಗಿ ಎಣಿಸಿದರು. ವೃದ್ಧರು ಹೇಳಿದ್ದೇ ಸರಿ. ಎರಡು ಕೈತುಂಬ ಎತ್ತಿಟ್ಟ ಒಂದು ಸರದಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಂಬತ್ತು ಸೆಂಟು. ಆಕೆ ಅವರ ಕ್ಷಮೆ ಕೇಳಿದರು, ನನ್ನಿಂದಲೂ ಕೇಳಿಸಿದರು.

ಆಮೇಲೆ ಆಕೆ ಹೇಳಿದ್ದು ಇಷ್ಟು: ಕಾರಿನಲ್ಲಿ ಬಂದವರಿಗೆ ಎಂಬತ್ತು ಸೆಂಟು ಹೋದದ್ದು ತಿಳಿಯುವುದೂ ಇಲ್ಲ. ಬಗ್ಗಿ ಎದ್ದು ಒಂದೊಂದಾಗಿ ಆಯ್ದವರಿಗೆ ಅದು ಎಂಟು ಸಲದ ಬೆನ್ನುನೋವು. ಆದ್ದರಿಂದ ಗಿರಾಕಿ ‘ಸರಿ’ ಎನ್ನುವ ತನಕ ಮೇಜು ಖಾಲಿಯಾಗಕೂಡದು. ತೊಟ್ಟಿಗೆ ಸುರಿದ ಮೇಲೆ ಸತ್ಯ ಯಾರಿಗೂ ಸಿಗುವುದಿಲ್ಲ. ಹೆಚ್ಚು ಎಣಿಸಿದರೂ ಕಷ್ಟವೇ, ಸೂಪರ್ ಕಲೆಕ್ಟರ್ ತಿರುಗಿ ಪರೀಕ್ಷಿಸಿದಾಗ ಕೊರತೆ ಡಿಪೊದ ತಲೆಗೇ ಬರುತ್ತದೆ.

ಅಲ್ಯೂಮಿನಿಯಂ ಡಬ್ಬಿಯೊಂದರ ತೂಕ 13-14 ಗ್ರಾಂ. ಒಂದು ಕಿಲೋಗೆ ಸುಮಾರು 70 ಡಬ್ಬಿ ಆಯಬೇಕು, ಆಗ ಏಳು ಡಾಲರ್. ಇಡೀ ವ್ಯವಸ್ಥೆ ನಿಂತಿರುವುದು ಹೀಗೆ ಆಯುವವರ ಮೇಲೂ. ಕೆನಡಾದ ವ್ಯಾಂಕೂವರಿನಲ್ಲಿ ಇದನ್ನು ಚೆನ್ನಾಗಿ ಅರಿತ ಕೆನ್ ಲಿಯೋಟಿಯರ್ ಎಂಬುವರು, ತಾವೇ ಕಸದ ತೊಟ್ಟಿಗಳಿಂದ ಬಾಟ್ಲಿ ಆಯುತ್ತಿದ್ದವರು, 1995ರಲ್ಲಿ ‘ಯುನೈಟೆಡ್ ವಿ ಕ್ಯಾನ್’ ಎಂಬ ಡಿಪೊ ಕಟ್ಟಿದರು. ಬಾಟ್ಲಿ ಹಿಂದಿರುಗಿಸಲು ಹೋದರೆ ಅಂಗಡಿಗಳಲ್ಲಿ ತಮ್ಮಂಥವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ ಎಂಬುದೇ ಅದರ ಹುಟ್ಟಿಗೆ ಕಾರಣ. ಅಲ್ಲಿ ನೌಕರಿಗೆ ತೆಗೆದುಕೊಂಡದ್ದೂ ಆ ಊರಿನ ಬಡ ಕೇರಿಯವರನ್ನೇ. ಬೀದಿಯಲ್ಲಿ ಆಯ್ದ ಕೈಗೆ ವಿಂಗಡಣೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನಮ್ಮ ಸುತ್ತಲೂ ಈಗ ಈ ಗಾಳಿ ಬೀಸುತ್ತಿದೆ. ಗುಂಡ್ಲುಪೇಟೆಯಿಂದ ಗಡಿ ದಾಟಿದರೆ ಸಿಗುವ ನೀಲಗಿರಿಯಲ್ಲಿ, ಒಡೆದ ಮದ್ಯದ ಬಾಟ್ಲಿಗಳಿಂದ ಕಾಡುಪ್ರಾಣಿಗಳಿಗೆ ಗಾಯವಾಗುತ್ತದೆಂದು ಮದ್ರಾಸ್ ಹೈಕೋರ್ಟ್ ಕಟ್ಟುನಿಟ್ಟು ಮಾಡಿತು. 2022ರಿಂದ ಅಲ್ಲಿಯ ಸರ್ಕಾರಿ ಮದ್ಯದಂಗಡಿಗಳು ಬಾಟ್ಲಿಗೆ ಹತ್ತು ರೂಪಾಯಿ ಠೇವಣಿ ಹಿಡಿದು, ಖಾಲಿ ತಂದರೆ ವಾಪಸ್ ಕೊಡುತ್ತಿವೆ. ಕೇರಳ 2025ರಲ್ಲಿ ಇಪ್ಪತ್ತು ರೂಪಾಯಿಯಂತೆ ಶುರುಮಾಡಿತು. ಒಳ್ಳೆಯ ಕೆಲಸ, ಸಂತೋಷ. ಆದರೆ ತಮಿಳುನಾಡಿನ ಅಂಗಡಿ ನೌಕರರು ಜಾಗವಿಲ್ಲ, ಆಳಿಲ್ಲ, ಮಾರುವವರೇ ಖಾಲಿ ಬಾಟ್ಲಿಯನ್ನೂ ತೆಗೆದುಕೊಳ್ಳುವುದು ಹೇಗೆ ಎಂದು ಪ್ರತಿಭಟಿಸಿದಾಗ ನನಗೆ ಅಡಿಲೇಡಿನ ಆ ಮೇಜು ಕಣ್ಮುಂದೆ ಬಂತು. ಠೇವಣಿಯ ಆದೇಶ ಒಂದು ಕಾಗದದಲ್ಲಿ ಆಗುತ್ತದೆ. ಬಾಟ್ಲಿ ತೆಗೆದುಕೊಳ್ಳುವ ಕೆಲಸಕ್ಕೆ ಬೇರೆ ಜಾಗ, ಬೇರೆ ಜನ, ಅವರಿಗೆ ಕಲಿಸುವವರು ಬೇಕು. ಬೆಂಗಳೂರಿನ ಒಣಕಸ ಸಂಗ್ರಹ ಕೇಂದ್ರಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕನ್ನು ಮುಟ್ಟಿಯೇ ಜಾತಿ ಹೇಳುವ ಹೆಂಗಸರಿದ್ದಾರೆ. ಕರ್ನಾಟಕದಲ್ಲಿ ನಾಳೆ ಇಂಥ ಡಿಪೊಗಳು ತೆರೆದರೆ ಕಲಿಸುವ ಕೆಲಸಕ್ಕೆ ಅವರನ್ನೇ, ಸರಿಯಾದ ಸಂಬಳಕ್ಕೆ, ಕರೆಯಬೇಕು ಎಂಬುದು ನನ್ನ ಬಲವಾದ ಮಾತು.

ನಾನು ಕೆಲಸ ಬಿಡುವ ಹೊತ್ತಿಗೆ ನೇಪಾಳದಿಂದ ಬಂದ ಹುಡುಗಿಯೊಬ್ಬಳು ಸೇರಿದಳು. ಅವಳಿಗೆ ಕಲಿಸುವುದು ನನ್ನ ಪಾಲಿಗೆ ಬಂತು. ಕೈ ಚಾಚಲು ಹೇಳಿ, ಬೆರಳ ಸಂದಿಗೊಂದು ಬಾಟ್ಲಿ ಸಿಕ್ಕಿಸಿದೆ. ನಾಲ್ಕನೆಯದು ಜಾರಿತು. ಇನ್ನೊಮ್ಮೆ ಹಾಕಿದೆ, ಮತ್ತೆ ಜಾರಿತು. ಅವಳ ಬೆರಳು ಗಿಡ್ಡ, ಕಿರುಬೆರಳಿಗೆ ಆ ಭಾರ ಹಿಡಿಯುವ ಶಕ್ತಿಯಿರಲಿಲ್ಲ. ಅವಳ ಮುಖ ಬಾಡಿತು. ಮೇಲ್ವಿಚಾರಕಿ ದೂರದಿಂದಲೇ ನೋಡುತ್ತಿದ್ದವರು ಹತ್ತಿರ ಬಂದು, ನಾಲ್ಕನೆಯ ಬಾಟ್ಲಿಯನ್ನು ತೆಗೆದು ಪಕ್ಕಕ್ಕಿಟ್ಟರು. ಒಂದು ಕೈಗೆ ಮೂರು, ಎರಡಕ್ಕೆ ಆರು. ನಾಲ್ಕು ಸಲ ಎತ್ತು, ಇಪ್ಪತ್ತನಾಲ್ಕೇ ಆಗುತ್ತದೆ ಎಂದರು. ಹುಡುಗಿ ಎತ್ತಿಟ್ಟಳು. ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು.